ಕೌದಿಯ ಹೊಟ್ಟೆಯೊಳಗೆ

ನಾನು ಒಂದು ಕೌದಿ ಸೂಜಿ. ಯಾವುದೋ ಕಾರ್ಖಾನೆಯಲ್ಲಿ ಉಕ್ಕಿನ ತಂತಿಯನ್ನು ತುಂಡರಿಸಿ, ಒಂದು ತುದಿ ಮಸೆದು, ಇನ್ನೊಂದು ತುದಿಗೆ ಕಣ್ಣು ಕೊರೆದಾಗ ನಾನು ಹುಟ್ಟಿದೆ. ಕಣ್ಣು ಕೊಟ್ಟವರು ಬಾಯಿ ಕೊಡಲಿಲ್ಲ. ಅದರಿಂದ ಮುಂದೆ ನಾನು ಪಟ್ಟ ಸಂಕಟ ನನಗೇ ಗೊತ್ತು.

ಧಾರವಾಡದ ಸಂತೆಯಲ್ಲಿ ನನ್ನನ್ನು ಕೊಂಡವಳು ಫಕೀರವ್ವನ ತಾಯಿ. ಮದುವೆಯಾಗಿ ಹೊರಟ ಮಗಳಿಗೆ ನನ್ನನ್ನು ಕೊಟ್ಟಳು. ಆಮೇಲೆ ನಲವತ್ತು ವರ್ಷ ಫಕೀರವ್ವನ ಬೆರಳೇ ನನ್ನ ಮನೆ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅವಳು ಹೊಲಿದ ಕೌದಿಗಳಲ್ಲಿ ಓಣಿಯ ಅರ್ಧ ಮಕ್ಕಳು ಮಲಗಿ ಬೆಳೆದರು. ಕೌದಿಯ ನಟ್ಟನಡುವೆ ಅಂಗೈಯಗಲ ಜಾಗ ಬಿಟ್ಟು, ಕೊನೆಗೆ ಅದರೊಳಗೆ ರೊಟ್ಟಿಯ ಚೂರು, ಚಿಟಿಕೆ ಸಕ್ಕರೆ ಇಟ್ಟು ಹೊಲಿಯುವುದು ಆ ಕಡೆಯ ಪದ್ಧತಿ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ.

ನಂತರ ಮರೆವು ಬಂತು. ಫಕೀರವ್ವ ಮೊದಲು ಒಲೆ ಆರಿಸುವುದನ್ನು ಮರೆತಳು, ಆಮೇಲೆ ಮನೆಯ ದಾರಿಯನ್ನು. ಸೊಸೆ ಸುವರ್ಣಾ ಆಗ ತುಂಬು ಬಸುರಿ. ಅತ್ತೆಯನ್ನು ಕಾಯುವುದರಲ್ಲೇ ಹಣ್ಣಾಗಿದ್ದಳು. ಪ್ರತಿ ಗುರುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಇಂಥ ಕಾಯಿಲೆಯವರೂ ಅವರ ಮನೆಯವರೂ ಒಟ್ಟಿಗೆ ಕೂತು ಹಾಡುತ್ತಾರೆ, ಬಣ್ಣ ಹಚ್ಚುತ್ತಾರೆ, ಹೊಲಿಯುತ್ತಾರೆ ಎಂದು ಯಾರೋ ಹೇಳಿದರು. ನಡೆಸುತ್ತಿದ್ದವರು ನಿವೃತ್ತ ಶಿಕ್ಷಕಿ ಶಕುಂತಲಾ ಅಕ್ಕೋರು. ಹುಟ್ಟಲಿರುವ ಕೂಸಿಗೆಂದು ಅತ್ತೆ ಸೊಸೆ ಒಂದೇ ಕೌದಿಯ ಎರಡು ಬದಿ ಕೂತರು. ಅತ್ತೆಯ ಕೈಯಲ್ಲಿ ನಾನು, ಸೊಸೆಯ ಕೈಯಲ್ಲಿ ಹೊಸ ಸೂಜಿ. ಮಗನ ಹೆಸರು ಮರೆತವಳ ಬೆರಳು ಹೊಲಿಗೆಯನ್ನು ಮರೆತಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ.

ಆ ಹೆಮ್ಮೆ ಕೌದಿ ಮುಗಿಯುವ ದಿನದವರೆಗೆ ಮಾತ್ರ. ಅಂದು ಸುವರ್ಣಾ ರೊಟ್ಟಿಯ ಚೂರನ್ನು ಅತ್ತೆಯ ಕೈಗಿಟ್ಟು ನೀರು ಕುಡಿಯಲು ಎದ್ದಳು. ಫಕೀರವ್ವ ಚೂರನ್ನು ತಾನೇ ತಿಂದು, ನನ್ನನ್ನು ಕೌದಿಯ ಹೊಟ್ಟೆಯೊಳಗಿಟ್ಟಳು. ಸುವರ್ಣಾ ಬಂದವಳೇ, ರೊಟ್ಟಿ ಒಳಗಿದೆಯೆಂದುಕೊಂಡು, ಕೌದಿಯ ಬಾಯಿ ಹೊಲಿದುಬಿಟ್ಟಳು. ನಾನು ಅಕ್ಕೋರು ಸೂಜಿ ಇಡುವ ಡಬ್ಬಿ ಸೇರಿದೆನೆಂದೇ ಅವಳ ಲೆಕ್ಕ.

ಕೂಸು ಹುಟ್ಟಿತು. ನನ್ನ ಮೇಲೆಯೇ ಮಲಗಿಸಿದರು. ಎಳೆ ಬೆನ್ನಿನ ಬಿಸಿ ನನಗೆ ತಾಗುತ್ತಿತ್ತು. ಅದು ಕಾಲು ಬಡಿದಾಗಲೆಲ್ಲ ನಾನು ಹೊರಳುತ್ತಿದ್ದೆ, ನನ್ನ ಮೊನೆ ಸೀರೆಯ ಒಂದೊಂದೇ ಪದರ ದಾಟುತ್ತಿತ್ತು. ಹೆದರಿ ಸತ್ತೆ. ಕೂಗಲು ಬಾಯಿಲ್ಲ.

ಬಾಯಿದ್ದವಳು ಫಕೀರವ್ವ. ಕೂಸನ್ನು ಮಲಗಿಸಿದರೆ ಸಾಕು, ಓಡಿ ಬಂದು ಎಳೆಯುತ್ತಿದ್ದಳು.

"ಬ್ಯಾಡ! ಅಲ್ಲಿ ಹಾಕಬ್ಯಾಡ! ಕಚ್ಚತೈತಿ!"

"ಏನ್ ಕಚ್ಚತೈತ್ರಿ ಅತ್ತಿ?"

ನನ್ನ ಹೆಸರು ಅವಳಿಗೆ ಸಿಗಲಿಲ್ಲ. ಬೆರಳಿಗೆ ಬೆರಳು ಉಜ್ಜಿ ತೋರಿಸಿದಳು, ಅತ್ತಳು. ಕಾಯಿಲೆ ಏರಿತು, ಇನ್ನು ಕೂಸಿಗೇ ಏನಾದರೂ ಮಾಡಿಯಾಳು ಎಂದು ಸುವರ್ಣಾ ಕೋಣೆಗೆ ಚಿಲಕ ಹಾಕತೊಡಗಿದಳು. ಹೊರಗೆ ಬಾಗಿಲು ಬಡಿಯುವ ಸದ್ದು, ಒಳಗೆ ನಾನು, ನನ್ನ ಮೇಲೆ ಕೂಸು.

ಮೂರನೆಯ ತಿಂಗಳು ಸುವರ್ಣಾ ಕೂಸನ್ನೂ ಅತ್ತೆಯನ್ನೂ ಕರೆದುಕೊಂಡು ಮತ್ತೆ ಗುರುವಾರದ ಕೋಣೆಗೆ ಬಂದಳು. ಚಾಪೆಯ ಮೇಲೆ ಕೌದಿ ಹಾಸಿದ್ದೇ ತಡ, ಫಕೀರವ್ವ ಅದರ ಮೇಲೆ ಬಿದ್ದು ನಡುವಿನ ಹೊಲಿಗೆಯನ್ನು ಉಗುರಿನಿಂದ ಕೀಳತೊಡಗಿದಳು. ಸುವರ್ಣಾ ಅವಳ ಕೈ ಹಿಡಿದೆಳೆದಳು.

"ತಡಿ ಸುವರ್ಣಾ," ಎಂದರು ಅಕ್ಕೋರು. "ಬಾಯಿಗೆ ಬರವಲ್ಲದ್ದನ್ನ ಕೈ ಹೇಳಾಕತ್ತಿರಬೇಕು. ಬಿಚ್ಚಲಿ ಬಿಡು."

ದಾರ ಕಿತ್ತುಬಂತು. ನಾನು ಚಾಪೆಗೆ ಬಿದ್ದೆ. ದಾಟಲು ಒಂದೇ ಪದರ ಉಳಿದಿತ್ತು.

ಸುವರ್ಣಾ ಅತ್ತೆಯ ಕಾಲು ಹಿಡಿದಳು. "ತಪ್ಪಾತ್ರಿ ಅತ್ತಿ. ನೀವು ಹೇಳೇ ಹೇಳಿದ್ರಿ, ನಾ ಕೇಳಲಿಲ್ಲ." ಕೂಸನ್ನು ಎತ್ತಿ ತಾನೇ ಅವಳ ಮಡಿಲಲ್ಲಿಟ್ಟಳು. ಫಕೀರವ್ವ ಅದರ ಹಣೆ ಸವರಿದಳು. ಆಮೇಲೆ ನನ್ನನ್ನು ಎತ್ತಿಕೊಂಡಳು. ಎಷ್ಟು ದಿನಗಳ ಮೇಲೆ ಆ ಬೆರಳು! ನಾನು ಹಿಗ್ಗಿಹೋದೆ.

ಅವಳು ಬಾಗಿ, ಬಾಯಿ ತೆರೆದಿದ್ದ ಕೌದಿಯೊಳಗೆ ನನ್ನನ್ನು ಮೆಲ್ಲಗೆ ಇಳಿಸಿದಳು.

"ಕೂಸಿನ ಕೌದಿ," ಎಂದಳು ಅಕ್ಕರೆಯಿಂದ. "ಹೊಟ್ಟಿ ತುಂಬಸಬೇಕಲ್ಲಾ."

ಅಕ್ಕೋರು ನನ್ನನ್ನು ಹೊರತೆಗೆದರು. ಈಗ ನಾನು ಅವರ ಕಪಾಟಿನ ಮೇಲಿನ ತಗಡಿನ ಡಬ್ಬಿಯಲ್ಲಿದ್ದೇನೆ. ಗುರುವಾರ ಹಾಡು ಕೇಳಿಸುತ್ತದೆ. ಹಾಡಿನ ನಡುವೆ ಫಕೀರವ್ವ ಬೆರಳಿಗೆ ಬೆರಳು ಉಜ್ಜುತ್ತ ಕೇಳುತ್ತಾಳೆ: "ನಂದೆಲ್ಲಿ?" ಸುವರ್ಣಾ ಮೆತ್ತಗೆ "ಕಳದೈತ್ರಿ ಅತ್ತಿ" ಎನ್ನುತ್ತಾಳೆ. ನನಗೆ ಅವಳ ಕೈ ಬೇಕು, ಹೋಗಲು ಹೆದರಿಕೆ. ಕಣ್ಣಿನ ಹತ್ತಿರ ತುಕ್ಕು ಹಿಡಿದಿದೆ, ಮೊನೆಗೆ ಇನ್ನೂ ಹಿಡಿದಿಲ್ಲ. ಹಿಡಿದು ಮೊಂಡಾಗುವವರೆಗೆ ಈ ಡಬ್ಬಿಯನ್ನು ಯಾರೂ ತೆರೆಯದಿರಲಿ.