ಹಸಿ ಬಣ್ಣ

"ಏ ಬಕೆಟ್ಟಮ್ಮಾ, ನಿಂತ್ಕೊಂಡು ಏನೇ ನೋಡ್ತಿದ್ದೀಯಾ, ನಿನ್ನ ಮದ್ವೆ ಫೋಟೋನಾ ಅದು? ಬಣ್ಣ ಒಣಗೋಕ್ ಮುಂಚೆ ಒರ್ಸಿ ಹಾಕೇ!"

ಕ್ಲಬ್ಬಿನ ಸೆಕ್ರೆಟರಿ ಫೋನನ್ನು ಕಿವಿಯಿಂದ ಕೊಂಚ ದೂರ ಹಿಡಿದು ಬೈದ. ಆಟಗಾರರು ಒಳಹೋಗುವ ಬಾಗಿಲ ಪಕ್ಕದ ಬಿಳಿ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಪದ, ಒಂದರ ಕೆಳಗೊಂದು: 'ಚಕ್ಕಾ. ಸಾಯೋ.' ಯಾರಿಗೆ ಎಂದು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಅದು ಗೋಲಿಗೆ. ಗೋಲಿ ಎಂದರೆ ಕ್ಲಬ್ಬಿನ ಗೋಲ್‌ಕೀಪರ್, ಬಕೆಟ್ಟಮ್ಮನ ಒಬ್ಬನೇ ಮಗ.

ಈ ಮೈದಾನದಲ್ಲಿ ಅವಳಿಗೆ ಬೇರೆ ಹೆಸರಿಲ್ಲ. ಗ್ಯಾಲರಿ ಗುಡಿಸುವುದು, ಕಕ್ಕಸು ತೊಳೆಯುವುದು, ಕುಡಿದವರು ಕಾರಿಕೊಂಡದ್ದನ್ನು ಬಳಿಯುವುದು ಅವಳ ಕೆಲಸ. ಮಗ ಇದೇ ಕ್ಲಬ್ಬಿಗೆ ಆಡಲು ಬಂದಾಗ 'ಬಕೆಟ್ಟಮ್ಮನ ಮಗ' ಎಂದು ಅವನಿಗೂ ಆ ಹೆಸರು ಅಂಟಿತು. ಅದಕ್ಕೆ ಅವನು ನಗುತ್ತಿದ್ದ. ಈಗಿನ ಹೆಸರಿಗೆ ನಗಲಾಗುತ್ತಿಲ್ಲ. ಅವನೂ ಒಬ್ಬ ದರ್ಜಿಯೂ ಬಸ್ಸಿನ ಹಿಂದಿನ ಸೀಟಿನಲ್ಲಿ ಕೈ ಕೈ ಹಿಡಿದು ಕೂತ ಫೋಟೋ ಊರವರ ಫೋನುಗಳಲ್ಲೆಲ್ಲ ಓಡಾಡಿದ ಮೇಲೆ ಗೋಲಿನ ಹಿಂದಿನ ಗ್ಯಾಲರಿಗೆ ಆಟವೇ ಬೇಡವಾಗಿದೆ, ಅವನೊಬ್ಬ ಸಾಕು. ಬೇರೆ ಆಟಗಾರನಾದರೆ ಆಚೆ ಬದಿಗೆ ಓಡಿಯಾದರೂ ಹೋಗುತ್ತಿದ್ದ. ಗೋಲಿ ಎಲ್ಲಿಗೆ ಹೋಗುತ್ತಾನೆ? ಆ ಬಾಯಿಗಳಿಗೆ ಬೆನ್ನು ಕೊಟ್ಟು ನಿಲ್ಲುವುದೇ ಅವನ ಕೆಲಸ. ಆಟ ಮುಗಿದ ಮೇಲೆ, ಅವನ ಮೇಲೆ ಎಸೆದ ಲಿಪ್‌ಸ್ಟಿಕ್ಕುಗಳನ್ನು ಗುಡಿಸುವವಳು ಅವನ ತಾಯಿ.

ಹೋದ ಪಂದ್ಯದ ಬೆಳಿಗ್ಗೆಯೂ ಇದೇ ಗೋಡೆ, ಇದೇ ಬಣ್ಣ. ಗಲೀಜು ಕಂಡರೆ ಒರೆಸುವುದು ಕೈಗೆ ಹತ್ತಿದ ಚಾಳಿ. ಥಿನ್ನರ್ ಸುರಿದು, ಉಗುರು ಕಿತ್ತುಬರುವಂತೆ ಉಜ್ಜಿದ್ದಳು. ಮಗ ಬರುವ ಹೊತ್ತಿಗೆ ಗೋಡೆ ತೊಳೆದ ತಟ್ಟೆಯ ಹಾಗಿತ್ತು. ತಾನು ಒರೆಸಿದ್ದು ಏನನ್ನು ಎಂಬುದು ಅವಳಿಗೆ ತಿಳಿದದ್ದು ಮಗನನ್ನು ಕರೆದುಕೊಂಡು ದೂರು ಕೊಡಲು ಹೋದಾಗ, ಪೊಲೀಸ್ ಠಾಣೆಯಲ್ಲಿ.

"ಎಲ್ಲಮ್ಮಾ ಬರ್ದಿರೋದು?" ಎಂದು ಕೇಳಿದ್ದ ಇನ್ಸ್‌ಪೆಕ್ಟರ್.

"ಒರ್ಸಿಬಿಟ್ಟೆ ಸಾರ್. ಮಗ ನೋಡ್ಬಾರ್ದು ಅಂತ."

ಇನ್ಸ್‌ಪೆಕ್ಟರ್ ಹೊಟ್ಟೆ ಕುಣಿಸಿಕೊಂಡು ನಕ್ಕ. "ಕೇಳ್ರೋ ಇಲ್ಲಿ! ಸಾಕ್ಷೀನ ತಾನೇ ತೊಳ್ದು, ಕೇಸ್ ಹಾಕಿ ಅಂತ ಬಂದಿದ್ದಾಳೆ!"

"ಬಾಯಲ್ಲಿ ಕೂಗೋದು ಎಲ್ರಿಗೂ ಕೇಳುತ್ತಲ್ಲಾ ಸಾರ್. ನೀವೂ ಅಲ್ಲೇ ಮುಂದಿನ ಸೋಫಾದಲ್ಲಿ ಕೂತಿರ್ತೀರಾ."

"ಅಯ್ಯೋ, ಬೈಗುಳ ಇಲ್ದೆ ಆಟ ಇರುತ್ತೇನಮ್ಮಾ? ಜನ ದುಡ್ಡು ಕೊಟ್ಟು ಬರ್ತಾರೆ, ಬಾಯಿ ಚಪಲ ತೀರಿಸ್ಕೊಂಡು ಹೋಗ್ತಾರೆ. ಬೈದೋರನ್ನೆಲ್ಲ ಒಳಗೆ ಹಾಕೋದಾದ್ರೆ ಸ್ಟೇಡಿಯಮ್ಮಿಗೇ ಕಂಬಿ ಹಾಕಿಸ್ಬೇಕು. ಅದೆಲ್ಲ ಅಪರಾಧ ಅಲ್ಲ, ಹೋಗು."

"ಹೋದ ವರ್ಷ ಒಬ್ಬ ಪ್ಲಾಸ್ಟಿಕ್ ಕುರ್ಚಿ ಮುರ್ದಾಗ ಎಳ್ಕೊಂಡ್ ಹೋಗಿ ಒಳಗೆ ಹಾಕಿದ್ರಲ್ಲಾ ಸಾರ್?"

"ಅದು ಕ್ಲಬ್ಬಿನ ಆಸ್ತಿ ಕಣಮ್ಮಾ."

"ಇವನು ನನ್ನ ಮಗ ಸಾರ್."

ಇನ್ಸ್‌ಪೆಕ್ಟರ್ ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದವನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಗಂಡಸಿನ ಥರ ಇದ್ದಿದ್ರೆ ಯಾವನು ಬೈತಿದ್ನೋ?" ಮಗ ಎದ್ದು ಹೊರನಡೆದ. ಅವಳೂ ಎದ್ದಾಗ ಇನ್ಸ್‌ಪೆಕ್ಟರ್ ಹಿಂದಿನಿಂದ ಕೂಗಿದ: "ಇನ್ನೊಂದ್ಸಲ ಬರ್ದ್ರೆ ಮುಟ್ಟಬೇಡ, ನಂಗೆ ತೋರ್ಸು. ನೋಡೋಣ." ಗೇಲಿ ಮಾಡಿದನೋ ನಿಜವಾಗಿ ಹೇಳಿದನೋ, ಅವಳು ಆ ಮಾತನ್ನು ಭದ್ರವಾಗಿ ಹಿಡಿದುಕೊಂಡಳು.

ಅಂದಿನಿಂದ ಮಗ ತಟ್ಟೆ ಮುಂದೆ ಸುಮ್ಮನೆ ಕೂತು ಎದ್ದುಹೋಗುತ್ತಿದ್ದ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಅವಳು ಕೆಲಸದಿಂದ ತಂದಿಟ್ಟಿದ್ದ ಆ್ಯಸಿಡ್ ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ಏನೋ ಅದು?" ಎಂದರೆ, "ಮುಚ್ಚಳ ಸರಿಯಾಗಿ ಹಾಕಿದ್ಯಾ ಅಂತ ನೋಡ್ತಿದ್ದೆ" ಎಂದ. ಅವಳು ಬಾಟಲಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಆಮೇಲೆ ಮನೆಯಲ್ಲಿ ಒಂದು ಹನಿಯನ್ನೂ ಬಿಡಲಿಲ್ಲ. ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ ಮೈದಾನಕ್ಕೆ ಹೊತ್ತಳು, ಆಟಗಾರರ ಬಾಗಿಲೊಳಗಿನ ಮೊಳೆಗೆ ನೇತುಹಾಕಿದಳು.

ಈಗ ಅವಳು ಗೋಡೆಗೆ ಬೆರಳು ಮುಟ್ಟಿಸಿದಳು. ಕೆಂಪು ಬೆರಳಿಗೆ ಹತ್ತಿತು.

"ಒರ್ಸಲ್ಲ ಸಾರ್. ಇನ್ಸ್‌ಪೆಕ್ಟ್ರು ನೋಡ್ಲಿ, ಆಮೇಲೆ ಒರ್ಸ್ತೀನಿ."

"ಅವ್ರು ಇವತ್ತಿನ ಅತಿಥಿ ಕಣೇ! ಈ ಹೊಲಸು ನೋಡಕ್ಕೆ ಎದ್ದು ಬರ್ತಾರಾ? ಟಿವಿಯವ್ರು ಬಂದ್ರೆ ಕ್ಲಬ್ಬಿನ ಮಾನ ಹೋಗುತ್ತೆ!"

"ಹೋಗಿರೋದು ಕ್ಲಬ್ಬಿನ ಮಾನಾನಾ ಸಾರ್?"

ಬಕೆಟ್ಟು ಹಿಡಿದವಳು ತಿರುಗಿ ಪ್ರಶ್ನೆ ಕೇಳಿದ್ದಕ್ಕೆ ಸೆಕ್ರೆಟರಿ ಕೆರಳಿದ. "ಬೋಳಿಮಗಳೇ, ನಾಳೆ ಈ ಗೇಟಿನೊಳಗೆ ಬಾ, ಕಾಲು ಮುರೀತೀನಿ!" ಎಂದು ಕಿರುಚುತ್ತಿರುವಾಗಲೇ ಮಗ ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದ. ಗೋಡೆ ನೋಡಿದ.

ಸೆಕ್ರೆಟರಿ ಥಿನ್ನರಿನಲ್ಲಿ ಅದ್ದಿದ ಬಟ್ಟೆಯನ್ನು ಅವನ ಎದೆಗೆ ಎಸೆದ. "ಬಾರಪ್ಪಾ ಹೀರೋ. ನಿಮ್ಮಮ್ಮಂಗೆ ಸೊಕ್ಕು ಬಂದಿದೆ, ನೀನೇ ಒರ್ಸು. ಒರ್ಸಿದ್ರೆ ಆಡ್ತೀಯಾ. ಇಲ್ಲಾಂದ್ರೆ ಬೂಟು ಬಿಚ್ಚಿಟ್ಟು ನಡಿ."

ಮಗ ಬಟ್ಟೆ ಎತ್ತಿಕೊಂಡ.

"ಮುಟ್ಬೇಡ್ವೋ!" ಎಂದಳು ತಾಯಿ.

"ಕಾಲಿಗೆ ಬೀಳ್ತೀನಿ ಬಿಡಮ್ಮಾ. ಗೇಟು ತೆಗೀತಾರೆ, ಎಲ್ರೂ ಓದ್ತಾರೆ."

"ಓದ್ಲಿ. ಕಣ್ತುಂಬ ಓದ್ಲಿ."

"ನಿಂಗೇನಮ್ಮಾ ಹೇಳಕ್ಕೆ? ಬೆನ್ನು ಕೊಟ್ಟು ನಿಲ್ಲೋನು ನಾನು!"

ಮಗನ ಕೈ ಗೋಡೆಗೆ ಮುಟ್ಟುವ ಮೊದಲೇ ಅವಳು ನಡುವೆ ನುಗ್ಗಿದಳು, ತಿರುಗಿ ನಿಂತು, ಮೈಯ ಭಾರವನ್ನೆಲ್ಲ ಬೆನ್ನಿಗೆ ಬಿಟ್ಟು ಗೋಡೆಗೆ ಒತ್ತಿಕೊಂಡಳು. ಹಸಿ ಬಣ್ಣ ಅವಳ ಕೆಲಸದ ನೀಲಿ ಕೋಟನ್ನು ದಾಟಿ ತಣ್ಣಗೆ ಚರ್ಮಕ್ಕೆ ತಾಕಿತು. ಬಿಡಿಸಿಕೊಂಡು ಬಂದಾಗ ಎರಡೂ ಪದಗಳು ಅವಳ ಬೆನ್ನ ಮೇಲಿದ್ದವು. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೂ ಬೇಕೆಂದವರಿಗೆ ಓದಲು ಬರುವಂತಿದ್ದವು.

"ಈಗ ಒರ್ಸ್ಕೊಳ್ಳಿ ಗೋಡೆನಾ," ಎಂದಳು.

ಸೆಕ್ರೆಟರಿ ಮಗನ ಕೈಯಿಂದಲೇ ಒರೆಸಿಸಿದ. ಬೇರೆ ಗೋಲ್‌ಕೀಪರ್ ಇಲ್ಲದ್ದರಿಂದ ಆಟಕ್ಕೂ ಇಳಿಸಿದ. ಗೇಟು ತೆರೆಯಿತು, ಗ್ಯಾಲರಿ ತುಂಬಿತು. ಅವನು ಗೋಲು ಕಂಬಗಳ ನಡುವೆ ಬಂದು ನಿಂತನೋ ಇಲ್ಲವೋ ಹಿಂದಿನಿಂದ ಸಾವಿರ ಬಾಯಿ ಒಟ್ಟಿಗೆ ಶುರುವಾಯಿತು: "ಚಕ್ಕಾ! ಚಕ್ಕಾ!"

ಬಕೆಟ್ಟು ಹಿಡಿದು ಬರುವವಳನ್ನು ಯಾರೂ ತಡೆಯುವುದಿಲ್ಲ. ಅವಳು ಸಣ್ಣ ಗೇಟಿನಿಂದ ಮೈದಾನಕ್ಕಿಳಿದು, ಗೆರೆ ದಾಟಿ, ಅತಿಥಿಗಳ ಸೋಫಾಗಳ ಎದುರಿಗೆ ನಡೆದು ಬಕೆಟ್ಟು ಕೆಳಗಿಟ್ಟಳು. ಇನ್ಸ್‌ಪೆಕ್ಟರ್‌ಗೆ ಬೆನ್ನು ಮಾಡಿ ನಿಂತಳು.

"ತೋರ್ಸು ಅಂದಿದ್ರಲ್ಲಾ ಸಾರ್! ಈ ಸಲ ಒರ್ಸಿಲ್ಲ, ನೋಡಿ!"

ಇನ್ಸ್‌ಪೆಕ್ಟರ್ ಟೀ ಲೋಟದೊಳಗೆ ನೋಡತೊಡಗಿದ. ಸೆಕ್ರೆಟರಿ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಗ್ಯಾಲರಿ ಹೊಸ ಕೂಗು ಹುಡುಕಿಕೊಂಡಿತು: "ಚಕ್ಕಾನಮ್ಮಾ! ಚಕ್ಕಾನಮ್ಮಾ!"

ಅವಳು ಜಗ್ಗಲಿಲ್ಲ. "ನೋಡಿ ಸಾರ್," ಎಂದು ಮತ್ತೆ ಕೂಗಿದಳು. ಕಣ್ಣು ಎದುರಿನ ಗೋಲಿನ ಮೇಲಿತ್ತು. ಮಗ ಕೈಗವಸು ಬಿಚ್ಚಿದ. ಎರಡನ್ನೂ ಕಂಬದ ಬುಡದಲ್ಲಿ ಜೋಡಿಸಿಟ್ಟ. ತಾಯಿಯ ಕಡೆ ಒಮ್ಮೆ ನೋಡಿ, ತಿರುಗಿ, ಆಟಗಾರರ ಬಾಗಿಲ ಕಡೆಗೆ ನಡೆದ.

ಅವಳ ಆ್ಯಸಿಡ್ ಬಾಟಲಿಗಳ ಚೀಲ ಆ ಬಾಗಿಲೊಳಗಿನ ಮೊಳೆಯಲ್ಲಿತ್ತು.

"ಮಗಾ!" ಎಂದು ಚೀರಿದಳು. ಸಾವಿರ ಬಾಯಿಗಳ ನಡುವೆ ಆ ದನಿ ಅವಳಿಗೇ ಕೇಳಿಸಲಿಲ್ಲ. ಬಕೆಟ್ಟು ಒದ್ದು ಓಡಿದಳು. ಆಟಗಾರರು ಪಕ್ಕಕ್ಕೆ ಸರಿದರು, ರೆಫ್ರಿ ಸೀಟಿ ಊದುತ್ತಲೇ ಇದ್ದ, ಜನ ಎದ್ದುನಿಂತು ಫೋನು ಹಿಡಿದರು. ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಗೆ, ಬೆನ್ನ ಮೇಲೆ ಆ ಎರಡು ಪದಗಳನ್ನು ಹೊತ್ತು ಮುದುಕಿ ಓಡುತ್ತಿದ್ದಳು. ಟಿವಿ ಕ್ಯಾಮೆರಾ ಅವಳ ಹಿಂದೆಯೇ ತಿರುಗಿತು.