ಸ್ಟುಡಿಯೋ ಮುಂದೆ ಎರಡು ದಿನ ನಿಂತ ಡಬ್ಬಿ

ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಎಳೆಬಿಸಿಲು ರಸ್ತೆಗೆ ಬೀಳುವ ಹೊತ್ತಿಗೆ, ರಾಣೆಬೆನ್ನೂರಿನ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ನನ್ನನ್ನು ಮೊದಲ ಸಲ ಗಾಲಿಯ ಮೇಲೆ ನಿಲ್ಲಿಸಿದರು. ನಾನು ಒಂದು ಡಬ್ಬಿ. ಟ್ರ್ಯಾಕ್ಟರಿನ ಹಿಂದೆ ಕೊಂಡಿಗೆ ಸಿಕ್ಕಿಸಿ ಎಳೆಯುತ್ತಾರಲ್ಲ, ಆ ಕಬ್ಬಿಣದ ಡಬ್ಬಿ. ಮೈಗೆ ನೀಲಿ ಬಣ್ಣ ಬಳಿದರು. ಬೆನ್ನಿಗೆ ಏನೋ ಬರೆದರು. ನನಗೆ ಓದು ಬರುವುದಿಲ್ಲ. ದಾರಿಯಲ್ಲಿ ಹಿಂದಿನಿಂದ ಬಂದವರು ಓದಿದ್ದನ್ನು ಕೇಳಿ, ಅದು ಯಜಮಾನರ ತಾಯಿಯ ಹೆಸರು ಎಂದು ತಿಳಿದುಕೊಂಡೆ.

ಆ ಯಜಮಾನರು ಮೋಟೆಬೆನ್ನೂರಿನ ಶಿವನಗೌಡರು. ಅವರ ಕೈಯಲ್ಲಿ ಹನ್ನೊಂದು ಸುಗ್ಗಿ ಕಂಡೆ. ಮೆಣಸಿನಕಾಯಿ ಚೀಲ ಹೊತ್ತು ಬ್ಯಾಡಗಿ ಪೇಟೆಗೆ ಬರುವುದು ನನ್ನ ಕೆಲಸ. ಚೀಲದ ಮೇಲೆ ಹೆಣ್ಣುಮಕ್ಕಳು ಕೂತಿರುತ್ತಿದ್ದರು. ಒಬ್ಬಾಕೆ ಸೀನಿದರೆ ಸಾಕು, ಸಾಲಾಗಿ ಎಲ್ಲರೂ ಸೀನಿ, ಕಣ್ಣಲ್ಲಿ ನೀರು ಬರುವ ತನಕ ನಗುತ್ತಿದ್ದರು. ಆ ನಗು ಈಗಲೂ ಕಿವಿಯಲ್ಲಿದೆ, ನನಗೆ ಕಿವಿ ಅಂತ ಒಂದಿದ್ದರೆ.

ಆಮೇಲೆ ತಾನೇ ಮೂತಿ ಎತ್ತಿ ಮಾಲು ಸುರಿಯುವ ಹೊಸ ಡಬ್ಬಿ ಬಂತು. ನನಗೆ ಆ ವಿದ್ಯೆ ಇಲ್ಲ. ನನ್ನೊಳಗಿನದನ್ನು ಮನುಷ್ಯರೇ ಹತ್ತಿ, ಕೈಯಿಂದ ಇಳಿಸಬೇಕು. ಗೌಡರು ನನ್ನ ಸುತ್ತ ಒಂದು ಸುತ್ತು ಬಂದು, "ಇದಕ್ಕೊಂದು ಛಲೋ ಮನಿ ನೋಡ್ರೋ" ಎಂದರು, ಮಗಳನ್ನು ಕೊಡುವವರ ಹಾಗೆ.

ಸಿಕ್ಕ ಮನೆ ಬ್ಯಾಡಗಿಯ ಇಮಾಮಸಾಬ್ ಹುಲ್ಲತ್ತಿಯವರದು. ಅವರದು ಕೆಂಪು ಬಣ್ಣದ ಹಳೆಯ ಟ್ರ್ಯಾಕ್ಟರು. ಮನೆ ಬದಲಿಸುವವರು, ಗೋಡೆ ಒಡೆಸುವವರು, ಮದುವೆಗೆ ಮುಂಚೆ ಅಟ್ಟ ಖಾಲಿ ಮಾಡುವವರು ಅವರನ್ನು ಕರೆಯುತ್ತಿದ್ದರು. ಇಮಾಮಸಾಬ್ ನನ್ನನ್ನು ಬಾಗಿಲ ಮುಂದೆ ತಂದು, ಮೂತಿಯ ಕೆಳಗೆ ಕಲ್ಲು ಕೊಟ್ಟು, ಕೊಂಡಿ ಕಳಚಿ ಹೋಗಿಬಿಡುವರು. ಮನೆಯವರು ಒಂದು ದಿನವೋ ಎರಡು ದಿನವೋ ತಮ್ಮ ಪಾಡಿಗೆ ತುಂಬಬೇಕು. ತುಂಬುವವರು ಬರೀ ಆ ಮನೆಯವರಲ್ಲ. ಎದುರು ಮನೆಯ ಹರಿದ ಹಾಸಿಗೆ ಬರುತ್ತಿತ್ತು, ಪಕ್ಕದ ಮನೆಯ ಒಡೆದ ಕೊಡ ಬರುತ್ತಿತ್ತು. ಸೊಸೆ ತಂದು ಹಾಕಿದ ಮಣೆಯನ್ನು ಮಾವ ಸದ್ದಿಲ್ಲದೆ ಒಳಗೆ ಒಯ್ಯುವುದನ್ನೂ ಕಂಡಿದ್ದೇನೆ. ಇಮಾಮಸಾಬ್ ಬಂದು ನೋಡಿ, "ಒಂದು ಮನಿ ಕಸಕ್ಕ ಕರದು ಇಡೀ ಓಣೀನ ತುಂಬಿರಲ್ರೀ!" ಎನ್ನುವರು. ಬೈಗುಳದಲ್ಲೂ ನಗು ಇರುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ಗಟ್ಟಿ. ಒಡೆದ ದೇವರ ಫೋಟೋಗಳನ್ನು ಕಸದ ಜೊತೆ ಹಾಕಗೊಡುತ್ತಿರಲಿಲ್ಲ. ಯಾವ ದೇವರಾದರೂ ಸರಿ, ಬೇರೆ ಚೀಲಕ್ಕೆ ಹಾಕಿಸಿ, ಹೋಗುವ ದಾರಿಯಲ್ಲಿ ಅರಳಿಕಟ್ಟೆಯ ಮೇಲೆ ಇಟ್ಟು ಬರುವರು.

ನನ್ನನ್ನು ಖಾಲಿ ಮಾಡುವ ಕೆಲಸ ಫಕ್ಕೀರವ್ವನದು. ಅರವತ್ತು ದಾಟಿದ ತೆಳ್ಳಗಿನ ಹೆಂಗಸು, ಒಂಟಿ ಜೀವ. ಊರ ಹೊರಗಿನ ಹಳೆಯ ಕಲ್ಲುಗಣಿಯ ಗುಂಡಿಗೆ ಹೋದ ಮೇಲೆ, ಸೀರೆ ಎತ್ತಿ ಕಟ್ಟಿ ನನ್ನ ಮೇಲೆ ಹತ್ತುವಳು. ಅವಳ ತಮ್ಮನ ಮಗಳು ಸವಣೂರಿನಲ್ಲಿದ್ದಳು. ಬಂದಾಗಲೆಲ್ಲ, "ಅತ್ತಿ, ಸಾಕಿನ್ನ, ನಮ್ಮ ಮನಿಗೆ ಬಾ" ಎನ್ನುವಳು. "ಇಲ್ಲೊಂದು ಕೆಲಸ ಉಳದೈತವಾ" ಎಂದು ಫಕ್ಕೀರವ್ವ ಮಾತು ಮುಗಿಸುವಳು. ಏನು ಕೆಲಸ ಎಂದು ನನಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಒಂದು ಆಷಾಢದಲ್ಲಿ. ಹಳೇ ಪೇಟೆಯ ಬಾಡಿಗೆ ಮನೆಯೊಂದರಲ್ಲಿ ತುಳಜಾಸಾ ಮಿಸ್ಕಿನ್ ಎಂಬ ಫೋಟೋದವರು ನಲವತ್ತು ವರ್ಷ ಇದ್ದರು. ಮುಂದಿನ ಕೋಣೆ ಸ್ಟುಡಿಯೋ, ಹಿಂದಿನದು ಮನೆ. ಮದುವೆಯಾಗಿರಲಿಲ್ಲ. ಅವರು ತೀರಿಕೊಂಡ ಮೇಲೆ ಹಾನಗಲ್ಲಿನಲ್ಲಿ ಟೀಚರ್ ಆಗಿದ್ದ ತಂಗಿಯ ಮಗಳು ಶಕುಂತಲಾಬಾಯಿ, ಎರಡು ದಿನ ರಜೆ ಹಾಕಿ ಮನೆ ಖಾಲಿ ಮಾಡಲು ಬಂದರು. ಇಮಾಮಸಾಬ್ ನನ್ನನ್ನು ಅಲ್ಲಿ ನಿಲ್ಲಿಸಿದರು. ತುಂಬುವುದಕ್ಕೂ ತಾನೇ ಬರುತ್ತೇನೆ ಎಂದು ಫಕ್ಕೀರವ್ವ ಹಟ ಹಿಡಿದು ಬಂದಳು.

ಮೊದಲ ದಿನ ಹಾಸಿಗೆ, ಕುರ್ಚಿ, ಬಣ್ಣ ಹಾರಿದ ಪರದೆ ಬಂದವು. ಎಂಟು ಹತ್ತು ತಗಡಿನ ಡಬ್ಬಗಳೂ ಬಂದವು. ಫಕ್ಕೀರವ್ವ ಒಂದರ ಮುಚ್ಚಳ ತೆಗೆದು ನೋಡಿ, "ಥೂ, ದೆವ್ವ ಇದ್ದಂಗ ಅದಾವ" ಎಂದು ತಾನೇ ನನ್ನೊಳಗೆ ಎಸೆದಳು. ಅವುಗಳ ಮೇಲೆ ಹಾಸಿಗೆ ಬಿತ್ತು, ಗೋಡೆಯಿಂದ ಉದುರಿದ ಮಣ್ಣು ಬಿತ್ತು. ಫೋಟೋಗಳನ್ನು ಮಾತ್ರ ಅವಳು ಬಿಡಲಿಲ್ಲ. ಹಳೆಯ ಲಕೋಟೆಗಳನ್ನು ನನ್ನ ಗಾಲಿಯ ಪಕ್ಕ ಗುಡ್ಡೆ ಹಾಕಿಕೊಂಡು, ಒಂದೊಂದೇ ಮುಖ ನೋಡುತ್ತಾ ಕೂತಳು.

ಇಮಾಮಸಾಬ್ ಚಹಾ ತಂದುಕೊಟ್ಟು ಕೇಳಿದರು. "ಏನ್ ಹುಡಕ್ತೀಯವ್ವಾ? ನಿಂದೇನರ ಐತೇನ ಅದರಾಗ?"

"ನನ್ನ ಮಗಳ ಫೋಟೋ ಐತಿ, ಅಣ್ಣಾ."

ಆಗ ಹೇಳಿದಳು. ಮಗಳು ಗಿರಿಜಿಗೆ ಆರು ವರ್ಷ. ಹೊಸ ಫ್ರಾಕು ಹೊಲಿಸಿದ್ದರು. ಗಂಡ ಮೈಲಾರೆಪ್ಪ ಮಗುವನ್ನು ಈ ಸ್ಟುಡಿಯೋಕ್ಕೆ ಕರೆತಂದು ಫೋಟೋ ತೆಗೆಸಿದ. ಫಕ್ಕೀರವ್ವ ಅಂದು ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎಂಟು ದಿನ ಬಿಟ್ಟು ಬರ್ರಿ ಎಂದಿದ್ದರು ತುಳಜಾಸಾ. ಆ ಎಂಟು ದಿನದೊಳಗೆ ಜ್ವರ ಬಂದು ಮಗು ಹೋಯಿತು. ಆ ಫೋಟೋ ಮನೆಗೆ ಬಂದರೆ ನಾನು ಮನೆಯಲ್ಲಿರುವುದಿಲ್ಲ ಎಂದ ಮೈಲಾರೆಪ್ಪ. ಅವನು ಇರುವ ತನಕ ಆಕೆ ತರಲಿಲ್ಲ. ಅವನು ತೀರಿಕೊಂಡ ಮೇಲೆ ಕೇಳುವ ಧೈರ್ಯ ಬರಲಿಲ್ಲ. ಒಮ್ಮೆ ತುಳಜಾಸಾ ತಾವಾಗಿಯೇ ರಸ್ತೆಯಲ್ಲಿ ನಿಲ್ಲಿಸಿ, "ನಿಮ್ದು ಇನ್ನೂ ಐತವ್ವ ನಮ್ಮ ಕಡೆ" ಎಂದಿದ್ದರಂತೆ. ಇವಳು ತಲೆ ಬಗ್ಗಿಸಿ ಹೋಗಿಬಿಟ್ಟಿದ್ದಳು.

"ಈ ಊರಾಗ ಅದರ ಮುಖ ಐತಿ ಅಂತ ನಾನಿಲ್ಲಿ ಅದೀನಿ. ಅದನ್ನ ಬಿಟ್ಟು ಸವಣೂರಿಗೆ ಹ್ಯಾಂಗ ಹೋಗ್ಲಿ?"

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಲಕೋಟೆಗಳೆಲ್ಲ ಮುಗಿದವು. ಗಿರಿಜಿ ಸಿಗಲಿಲ್ಲ. ಬೀಗ ಹಾಕಲು ಬಂದ ಶಕುಂತಲಾಬಾಯಿ ವಿಷಯ ಕೇಳಿ, ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯ ಬಾಯಿ, ಮೊದಲ ಹೇಳಬಾರದಾ! ತಗೊಂಡು ಹೋಗಾಕ ಬರದವರ ಫೋಟೋ ನಮ್ಮ ಮಾಮಾ ತೊಳೀತಾನ ಇರಲಿಲ್ಲ. ನೆಗೆಟಿವ್ ಅಷ್ಟ ಡಬ್ಬದಾಗ ಇಡ್ತಿದ್ದ."

"ಹಂಗಂದ್ರ?" ಎಂದಳು ಫಕ್ಕೀರವ್ವ.

"ಫೋಟೋದ ಬೀಜ ಇದ್ದಂಗವ್ವ ಅದು" ಎಂದರು ಇಮಾಮಸಾಬ್. "ಕರಿದು ಬೆಳ್ಳಗ, ಬೆಳ್ಳಂದು ಕರ್ರಗ ಕಾಣತೈತಿ. ನೀ ದೆವ್ವ ಅಂದೆಲ್ಲ, ಅದ."

ಫಕ್ಕೀರವ್ವ ನನ್ನ ಕಡೆ ತಿರುಗಿದಳು. ಆ ನೋಟ ನಾನು ಮರೆತಿಲ್ಲ. ನನ್ನ ಹೊಟ್ಟೆಯ ತಳದಲ್ಲಿ, ಮಣ್ಣು ಹಾಸಿಗೆಗಳ ಕೆಳಗೆ ಆ ಡಬ್ಬಗಳಿದ್ದವು. ತಾನೇ ಮೂತಿ ಎತ್ತಿ ಸುರಿಯುವ ಜಾತಿ ನಾನಾಗಿದ್ದರೆ, ನಿನ್ನೆ ಸಂಜೆಯೇ ಅರ್ಧ ಹೊರೆ ಗುಂಡಿ ಸೇರಿರುತ್ತಿತ್ತು. ಕೈಯಿಂದ ಇಳಿಸುವುದು ತ್ರಾಸಿನ ಕೆಲಸ, ತುಂಬಿದ ಮೇಲೆ ಒಂದೇ ಸಲ ಹೋದರಾಯಿತು ಎಂದು ಇಮಾಮಸಾಬ್ ಬಿಟ್ಟಿದ್ದರು.

ಗಣಿಗೆ ಹೋದೆವು. ಗುಂಡಿಗೆ ಏನನ್ನೂ ಹಾಕದೆ, ಬಯಲಿನಲ್ಲಿ ಒಂದೊಂದೇ ಸಾಮಾನು ಇಳಿಸಿದರು. ಶಕುಂತಲಾಬಾಯಿಯೂ ಸೆರಗು ಸಿಕ್ಕಿಸಿ ಮಣ್ಣು ಹೊತ್ತರು. ಡಬ್ಬಗಳು ಸಿಕ್ಕವು. ಹೆಸರು ಬರೆದ ಕಾಗದಗಳನ್ನೆಲ್ಲ ಗೆದ್ದಲು ತಿಂದಿತ್ತು, ಫಿಲ್ಮಿನ ತುಂಡುಗಳು ಮಾತ್ರ ಉಳಿದಿದ್ದವು. ನನ್ನ ಅಂಚಿಗೆ ಸಾಲಾಗಿ ಕೂತು, ಮೂವರೂ ಒಂದೊಂದನ್ನೇ ಆಕಾಶಕ್ಕೆ ಹಿಡಿದು ನೋಡತೊಡಗಿದರು.

ಫ್ರಾಕು ಹಾಕಿದ ಹುಡುಗಿಯರು ಎಷ್ಟೊಂದು ಜನ! ಎಲ್ಲರಿಗೂ ಕರಿ ಮುಖ, ಬಿಳಿ ಕೂದಲು. "ಈಕೀನ ಏನವ್ವ?" "ಈಕಿ?" ಎಂದು ಕೇಳುತ್ತಾ ಇಮಾಮಸಾಬ್ ಫಕ್ಕೀರವ್ವನ ಮುಂದೆ ಹಿಡಿದರು. ಆಕೆ ನೋಡಿ ನೋಡಿ ಕೆಳಗಿಟ್ಟಳು. "ಹೆತ್ತ ಮಗಳ ಗುರುತು ಸಿಗವಲ್ದಲ್ಲೋ ಅಣ್ಣಾ" ಎಂದಳು. ಬಿಸಿಲು ಇಳಿಯುತ್ತಿತ್ತು.

ಕೊನೆಯ ಡಬ್ಬಕ್ಕಿಂತ ಹಿಂದಿನದರಲ್ಲಿ ಒಂದು ತುಂಡು. ಸ್ಟೂಲಿನ ಮೇಲೆ ನಿಂತ ಹುಡುಗಿ. ಫಕ್ಕೀರವ್ವ ಅದನ್ನೂ ಕೆಳಗಿಡಲು ಹೋದವಳು, ಮತ್ತೆ ಮೇಲೆತ್ತಿದಳು. ಹುಡುಗಿಯ ಸೊಂಟದ ಬಳಿ, ಪರದೆಯ ಹಿಂದಿನಿಂದ ಒಂದು ಕೈ ಬಂದಿತ್ತು. ಬೀಳದ ಹಾಗೆ ಹಿಡಿದ ಕೈ. ಅದರ ತೋರುಬೆರಳು ಅರ್ಧವೇ ಇತ್ತು.

ಮೈಲಾರೆಪ್ಪನ ಬೆರಳು ಮೇವು ಕತ್ತರಿಸುವ ಮಷೀನಿಗೆ ಸಿಕ್ಕಿತ್ತಂತೆ.

ಆಕೆ ಅಳಲಿಲ್ಲ. ಆ ತುಂಡಿನ ಜೊತೆ ಮಾತಾಡಿದಳು. "ಬ್ಯಾಡ ಬ್ಯಾಡ ಅಂತಿದ್ದೆಲ್ಲೋ ಮಾರಾಯಾ. ನೀನೂ ಇದರಾಗ ಅದೀಯಲ್ಲ."

ಇಮಾಮಸಾಬ್ ತಲೆಯ ಟೋಪಿ ತೆಗೆದು, ಮಣ್ಣು ಕೊಡವಿ, ಮತ್ತೆ ಹಾಕಿಕೊಂಡರು. ಉಳಿದ ಡಬ್ಬಗಳನ್ನೂ ಅವರು ಗುಂಡಿಗೆ ಹಾಕಲಿಲ್ಲ. "ಮಂದಿ ಮುಖ ಅದಾವ, ಯಾರರ ಕೇಳಿಕೊಂಡು ಬಂದಾರು" ಎಂದರು. ಶಕುಂತಲಾಬಾಯಿ ಹೂಂ ಎಂದರು.

ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರಿನಲ್ಲಿ ಫೋಟೋ ಮಾಡಿಕೊಡುವ ಹುಡುಗಿಯೊಬ್ಬಳಿದ್ದಾಳಂತೆ. ಅಲ್ಲಿ ನಡೆದದ್ದನ್ನು ಇಮಾಮಸಾಬ್ ಮರುದಿನ ನನ್ನ ಮೂತಿಯ ಮೇಲೆ ಕೂತು ಹೆಂಡತಿಗೆ ಹೇಳುವಾಗ ಕೇಳಿದೆ. ಆ ಹುಡುಗಿ, "ಅಜ್ಜಿ, ಈ ಕೈ ಛಂದ ಕಾಣಂಗಿಲ್ಲ, ತಗದುಬಿಡ್ಲಾ?" ಎಂದಳಂತೆ.

"ತಗೀಬ್ಯಾಡವಾ. ಆ ಕೈ ಬಿಟ್ರ ಕೂಸು ಬೀಳ್ತೈತಿ" ಎಂದಳಂತೆ ಫಕ್ಕೀರವ್ವ.

ಅದೇ ಮಳೆಗಾಲದಲ್ಲಿ ನನ್ನ ಅಚ್ಚು ಮುರಿಯಿತು. ಈಗ ಇಮಾಮಸಾಬರ ಹಿತ್ತಲಲ್ಲಿದ್ದೇನೆ. ಗಾಲಿಗಳಿಲ್ಲ. ಒಂದು ಮೂಲೆಯಲ್ಲಿ ಕೋಳಿ ಕಾವು ಕೂರುತ್ತದೆ, ಇನ್ನೊಂದು ಮೂಲೆಯಲ್ಲಿ ಟಾರ್ಪಲಿನ ಕೆಳಗೆ ತುಳಜಾಸಾ ಅವರ ಡಬ್ಬಗಳಿವೆ. ಅಪರೂಪಕ್ಕೆ ಯಾರೋ ಬಂದು, ಒಂದೊಂದೇ ತುಂಡನ್ನು ಬಿಸಿಲಿಗೆ ಹಿಡಿದು ಕೂರುತ್ತಾರೆ. ಸಿಕ್ಕವರಿದ್ದಾರೆ, ಸಿಗದೆ ಹೋದವರೇ ಹೆಚ್ಚು. ಜೀವನವಿಡೀ ಮಂದಿಗೆ ಬೇಡವಾದದ್ದನ್ನು ಹೊತ್ತೆ. ಬೇಡವೆನ್ನುವುದು ಅಷ್ಟು ಸುಲಭವಲ್ಲ ಎಂದು ಈಗ ಅನಿಸುತ್ತದೆ.

ಫಕ್ಕೀರವ್ವ ಹೊರಡುವ ಮುಂಚೆ ಹಿತ್ತಲಿಗೆ ಬಂದು, ಇಮಾಮಸಾಬರ ಹೆಂಡತಿಯ ಕೈಯಿಂದ ಒಂದು ಬಟ್ಟಲು ಚಹಾ ಕುಡಿದಳು. ಬಟ್ಟೆಯ ಗಂಟನ್ನು ಇಮಾಮಸಾಬ್ ಎತ್ತಿಕೊಂಡರು. ಫೋಟೋವನ್ನು ಮಾತ್ರ ಯಾರಿಗೂ ಕೊಡಲಿಲ್ಲ, ಟವೆಲಿನಲ್ಲಿ ಸುತ್ತಿ ಎದೆಗೆ ಹಿಡಿದಿದ್ದಳು. ಶ್ರಾವಣದ ಎರಡನೇ ಸೋಮವಾರ, ಬೆಳಗಿನ ಮೊದಲ ಬಸ್ಸಿಗೆ ಅವಳು ಸವಣೂರಿಗೆ ಹೋದಳು.