ಅಂಟಿದ ಬೆರಳು

ಮಗು ಹುಟ್ಟಿ ಇಪ್ಪತ್ತು ದಿನವಾದರೂ ಅತ್ತಿಗೆ ಅದರ ಬಲಗೈಯ ಕೈಗವಸನ್ನು ಹೊರಗಿನವರಾರ ಎದುರೂ ತೆಗೆದಿರಲಿಲ್ಲ. ಒಳಗೆ ನಡುಬೆರಳು, ಉಂಗುರಬೆರಳು ಎರಡೂ ತುದಿಯವರೆಗೆ ಒಂದೇ ಚರ್ಮದಲ್ಲಿ ಅಂಟಿಕೊಂಡಿದ್ದವು.

ಗಂಡನನ್ನು ಬಿಟ್ಟರೆ ಮನೆಯಲ್ಲಿ ಇದನ್ನು ಕಂಡವಳು ದುರ್ಬೀನು ಒಬ್ಬಳೇ. ದುರ್ಬೀನು ಎಂದರೆ ಮಗುವಿನ ಸೋದರತ್ತೆ. ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಜೀವಕೋಶ ನೋಡುತ್ತ ಕೂತ ತಂಗಿಗೆ ಅಣ್ಣ ಇಟ್ಟ ಅಡ್ಡಹೆಸರದು.

ಒಂದು ಮಧ್ಯಾಹ್ನ ಮಗುವಿನ ಮೈ ಒರೆಸುತ್ತಿದ್ದ ಅತ್ತಿಗೆ ಇದ್ದಕ್ಕಿದ್ದಂತೆ ಬಿಕ್ಕಿದಳು.

"ನನ್ನಿಂದಲೇ ಆಗಿದ್ದು ಕಣೇ. ಎರಡನೇ ತಿಂಗಳಲ್ಲಿ ಹೊಲಿಗೆ ಮೆಷಿನ್ ಎತ್ಕೊಂಡು ಮಹಡಿ ಹತ್ತಿದೆ. ನಿಮ್ಮಣ್ಣನಿಗೂ ಹೇಳಿಲ್ಲ."

"ಅದಕ್ಕೂ ಇದಕ್ಕೂ ಏನು ಸಂಬಂಧ ಅತ್ತಿಗೆ!" ಎಂದವಳೇ ದುರ್ಬೀನು ತನ್ನ ಚಾಳಿಯಂತೆ ಪಾಠ ಶುರುಮಾಡಿದಳು. "ಹೊಟ್ಟೇಲಿ ಎಲ್ಲರ ಕೈಯೂ ಮೊದಲು ಸೌಟಿನ ಥರ ಇರುತ್ತೆ. ಬೆರಳಿನ ಸಂದಿನ ಕೋಶಗಳು ತಾವಾಗೇ ಸಾಯಬೇಕು. ಕ್ಯಾಸ್ಪೇಸ್ ಅನ್ನೋ ಕಿಣ್ವಗಳು ಅವನ್ನ ಒಳಗಿಂದ ಕತ್ತರಿಸ್ತವೆ. ಇಲ್ಲಿ ಸಾಯಬೇಕಾದ್ದು ಸಾಯಲಿಲ್ಲ, ಅಷ್ಟೇ."

ಅತ್ತಿಗೆಯ ಮುಖ ಬಿಳಿಚಿತು. "ಹಸುಗೂಸಿನ ಮುಂದೆ ಸಾವಿನ ಮಾತು ಬೇಡ ಕಣೇ," ಎಂದು ಮಗುವನ್ನು ಎದೆಗವಚಿಕೊಂಡು ಒಳಗೆ ಹೋದಳು. ದುರ್ಬೀನು ನಾಲಿಗೆ ಕಚ್ಚಿಕೊಂಡಳು.

ಮರುವಾರ ಹೇಗೋ ಪುಸಲಾಯಿಸಿ ಅತ್ತಿಗೆಯನ್ನು ಪ್ರಯೋಗಾಲಯಕ್ಕೆ ಕರೆದೊಯ್ದಳು. ಅಣ್ಣ ಮಗುವನ್ನೆತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತ.

ಮೊದಲು ತೋರಿಸಿದ್ದು ಮೊಟ್ಟೆಯೊಳಗಿನ ಕೋಳಿಮರಿಯ ಪಾದ. ಬೆರಳುಗಳ ನಡುವೆ ಬಣ್ಣ ಹಿಡಿದ ಚುಕ್ಕೆಗಳು.

"ಇವು ಸಾಯ್ತಿರೋ ಕೋಶಗಳು. ಗಲಾಟೆಯಿಲ್ಲ, ಗಲೀಜಿಲ್ಲ. ಪಕ್ಕದವು ನುಂಗಿ ಜಾಗ ಚೊಕ್ಕ ಮಾಡ್ತವೆ."

ಆಮೇಲೆ ಕೋಶ ಬೆಳೆಸಿದ ಎರಡು ಪುಟ್ಟ ತಟ್ಟೆಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ಇಟ್ಟಳು. ಒಂದರಲ್ಲಿ ಕೋಶಗಳು ಕೂಡಿಕೊಂಡು ಉದ್ದನೆ ಎಳೆಗಳಾಗಿದ್ದವು. ಇನ್ನೊಂದರಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದವು.

"ಎರಡೂ ಸ್ನಾಯು ಆಗಬೇಕಿದ್ದ ಕೋಶಗಳೇ. ಸಾಯದಿರಲಿ ಅಂತ ಈ ಎರಡನೇ ತಟ್ಟೆಯಲ್ಲಿ ಕ್ಯಾಸ್ಪೇಸ್ ತಡೆದೆ. ಬದುಕಿದವು, ಆದರೆ ಸ್ನಾಯು ಕಟ್ಟಲಿಲ್ಲ. ಕಟ್ಟೋಕೂ ಅದೇ ಕಿಣ್ವ ಒಂಚೂರು ಬೇಕು. ಅದು ತಿಳಿಯದೆ ಮೂರು ತಿಂಗಳು ನನ್ನ ಕೈತಪ್ಪು ಅಂತಲೇ ಒದ್ದಾಡಿದೆ ಅತ್ತಿಗೆ."

ಅತ್ತಿಗೆ ಬಹಳ ಹೊತ್ತು ಕಣ್ಣು ಕೀಳಲಿಲ್ಲ. "ನಾನೂ ಕತ್ತರಿ ಹಿಡಿಯೋಳೇ. ಕತ್ತರಿಸದೆ ಅಂಗಿ ಆಗಲ್ಲ," ಎಂದು ಮೆಲ್ಲಗೆ ಅಂದಳು. "ಇವಳ ಕೈಯಲ್ಲಿ ಯಾಕೆ ಹೀಗಾಯ್ತು?"

"ಗೊತ್ತಿಲ್ಲ. ಮೆಷಿನ್ ಎತ್ತಿದ್ದಕ್ಕಂತೂ ಅಲ್ಲ."

"ನನ್ನಾಣೆ?"

"ನಿಮ್ಮಾಣೆ."

ಹೊರಗೆ ಬಂದು ಅತ್ತಿಗೆ ಗಂಡನಿಗೆ ಎಲ್ಲ ಹೇಳಿಬಿಟ್ಟಳು. ಅವನು ಕೇಳಿದ್ದು ಒಂದೇ: "ಅಷ್ಟು ಭಾರ ಒಬ್ಬಳೇ ಎತ್ತಿದ್ಯಾ? ನನ್ನ ಕರೀಬಾರದಿತ್ತಾ?" ಅತ್ತಿಗೆಗೆ ಅಳುವಿನ ನಡುವೆಯೇ ನಗು ಬಂತು. ಕೈಗವಸು ಕಳಚಿ ಮಗುವಿನ ಕೈಯನ್ನು ಬಿಸಿಲಿಗೆ ಬಿಟ್ಟಳು.

ಮಗುವಿಗೆ ಒಂದೂವರೆ ವರ್ಷವಾದಾಗ ವೈದ್ಯರು ಬೆರಳು ಬಿಡಿಸಿದರು. ಗಾಯ ಮಾಯ್ದರೂ ಉಂಗುರಬೆರಳು ಕೊಂಚ ಸೊಟ್ಟಗೇ ಉಳಿಯಿತು. ದಿನಾ ಬೆರಳು ಮಡಿಸಿ ಬಿಡಿಸುವ ಕೆಲಸ ಸೋದರತ್ತೆಯ ಪಾಲಿಗೆ ಬಂತು. ಒಂದು ಸಂಜೆ ಮಗು ಆಟದ ನಡುವೆ ಐದೂ ಬೆರಳಲ್ಲಿ ಅವಳ ಮೂಗನ್ನು ಗಟ್ಟಿಯಾಗಿ ಹಿಡಿದು ಕೇಕೆ ಹಾಕಿತು. ಕಣ್ಣಲ್ಲಿ ನೀರೂರಿದರೂ ದುರ್ಬೀನು ಬಿಡಿಸಿಕೊಳ್ಳುವ ಅವಸರ ಮಾಡಲಿಲ್ಲ.